ಎಂಜಿನಿಯರಿಂಗ್‌ಗೆ ಎರಡು ದಾರಿ

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಎಂಜಿನಿಯರ್ ಆಗಲು ಬುದ್ಧಿಯೊಂದಿದ್ದರೆ ಸಾಲದು, ದಾರಿಯೂ ಇರಬೇಕು. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದಾಗ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಓದಿದರು. ಅವರು ದಿವಾನರಾಗಿದ್ದಾಗಲೇ, 1917ರಲ್ಲಿ, ಬೆಂಗಳೂರಿಗೆ ಆ ಕಾಲೇಜು ಬಂತು.

ಒಂದೊಂದು ದೇಶದ್ದು ಒಂದೊಂದು ಪದ್ಧತಿ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಆಗುತ್ತಲೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಆದರೆ ಅಲ್ಲಿ ಕಸುಬಿನ ದಾರಿ ಹಿಡಿದವರು ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಾ ಕೆಲಸ ಕಲಿಯುತ್ತಾರೆ, ಜೊತೆಗೆ ಶಾಲೆಗೂ ಹೋಗುತ್ತಾರೆ. ಮುಂದೆ ಓದಿ ಎಂಜಿನಿಯರ್ ಆಗುವುದಕ್ಕೂ ಅವಕಾಶವಿದೆ.

ನಮ್ಮಲ್ಲಿ ದಾರಿ ಕವಲೊಡೆಯುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಗಣಿತ ತೆಗೆದುಕೊಂಡವರು ಸಿಇಟಿ ಬರೆಯಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಕಲೆ, ವಾಣಿಜ್ಯ ಒಳ್ಳೆಯ ವಿಷಯಗಳೇ. ಆದರೆ ಅವನ್ನು ಆರಿಸಿದ ಮೇಲೆ ಈ ಬಾಗಿಲು ಮುಚ್ಚಿದಂತೆಯೇ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ಇಲ್ಲ, ದೂರದ ಕಾಲೇಜಿಗೆ ಬಸ್ಸಿಲ್ಲ ಎಂದು ಎಷ್ಟೋ ಹೆಣ್ಣುಮಕ್ಕಳು ಇಷ್ಟವಿಲ್ಲದ ವಿಷಯ ತೆಗೆದುಕೊಳ್ಳುತ್ತಾರೆ. ಓದುವ ಮಗುವಿನ ಹಣೆಬರಹವನ್ನು ಬಸ್ಸು ಬರೆಯಬಾರದು.

ಇನ್ನೊಂದು ದಾರಿ ಪಾಲಿಟೆಕ್ನಿಕ್. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಓದು ನಡುವೆ ನಿಂತರೂ ಡಿಪ್ಲೊಮಾದಿಂದ ಕೆಲಸ ಸಿಗುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶವಿದೆ. ಇದನ್ನು ದಡ್ಡರ ದಾರಿ ಎಂದು ಯಾರೂ ಹೀಗಳೆಯಬೇಡಿ.

ತಂದೆತಾಯಿಗಳು ಒಂದು ಮಾತು ನೆನಪಿಡಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಮುಖ್ಯೋಪಾಧ್ಯಾಯರು ಬರೆದುಕೊಟ್ಟ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಕೊನೆಯ ದಿನದವರೆಗೆ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಹಕ್ಕಿನ ಸೀಟು ಕಾಗದವಿಲ್ಲದೆ ಕೈತಪ್ಪಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಗೋಡೆಗೆ ಬಣ್ಣ ಬಳಿಸಿದ್ದೇವೆ, ಸಂತೋಷ. ಪ್ರತಿ ವರ್ಷ ಫಲಿತಾಂಶ ಬಂದ ವಾರ ನಮ್ಮಲ್ಲಿ ನಾಲ್ಕು ಜನ ಇಲ್ಲಿ ಬಂದು ಕೂತು, ಒಂದೊಂದು ಮಗುವಿನ ಜೊತೆ, ಅದರ ಅಪ್ಪ ಅಮ್ಮನ ಜೊತೆ ಮಾತನಾಡೋಣ. ಬಸ್ಸಿನ ಪಾಸಿಗೋ ಹಾಸ್ಟೆಲ್ ಅರ್ಜಿಗೋ ಜೊತೆಯಲ್ಲಿ ಓಡಾಡೋಣ. ಈ ಶಾಲೆಯ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.