ರಸೀತಿಯ ಬಲದ ಮೇಲಿನ ದುಡಿಮೆ

(ಅಮೆರಿಕದಲ್ಲಿ ಮಕ್ಕಳು ದುಡಿಯುತ್ತಿರುವ ಮನೆಗಳವರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಒಂದು ರಾತ್ರಿ ಫೋನು ಬರುತ್ತದೆ: “ಅಪ್ಪಾ, ಅವಧಿ ಮುಗಿಯುತ್ತಾ ಬಂತು, ಮುಂದುವರಿಕೆಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.” ಅಂದಿನಿಂದ ತಂದೆತಾಯಿಗಳಿಗೆ ನಿದ್ದೆಯಿಲ್ಲ. ನಾಳೆ ಮಗ ಕೆಲಸಕ್ಕೆ ಹೋದರೆ ಅಪರಾಧಿಯಾಗುತ್ತಾನೆಯೇ? ಹೋಗದಿದ್ದರೆ ಸಂಬಳವುಂಟೇ? ಮೊದಲು ಕಾನೂನು ಏನೆನ್ನುತ್ತದೆಂದು ತಿಳಿಯೋಣ. ಆಮೇಲೆ ಅದು ನ್ಯಾಯವೇ ಎಂದು ಕೇಳೋಣ.

ಇವರಲ್ಲಿ ಹೆಚ್ಚಿನವರು ಹೋಗುವುದು ಎಚ್-1ಬಿ ಎಂಬ ಪರವಾನಗಿಯ ಮೇಲೆ. ಅದು ಒಂದು ಸಲಕ್ಕೆ ಹೆಚ್ಚೆಂದರೆ 3 ವರ್ಷದ್ದು. ಸಾಮಾನ್ಯವಾಗಿ ಒಟ್ಟು 6 ವರ್ಷಕ್ಕೆ ಮಿತಿ. ಪಾಸ್‌ಪೋರ್ಟಿನ ಮೇಲಿನ ವೀಸಾ ಆ ದೇಶದ ಬಾಗಿಲು ದಾಟುವುದಕ್ಕೆ ಮಾತ್ರ. ಒಳಗೆ ಎಂದಿನವರೆಗೆ ಇರಬಹುದೆಂದು ಹೇಳುವುದು ಐ-94 ಎಂಬ ದಾಖಲೆ. ಅದರಲ್ಲಿನ ತಾರೀಖಿಗೆ ಮುಂಚೆ ಮಾಲೀಕನು ಮುಂದುವರಿಕೆಯ ಅರ್ಜಿಯನ್ನು ಸಲ್ಲಿಸಿದ್ದರೆ, ತಾರೀಖು ದಾಟಿದ ಮೇಲೂ 240 ದಿನಗಳವರೆಗೆ ಅದೇ ಮಾಲೀಕನಲ್ಲಿ ಕೆಲಸ ಮಾಡುವುದು ಕಾನೂನುಬದ್ಧವೇ. ಅಷ್ಟರೊಳಗೆ ಅರ್ಜಿ ತಿರಸ್ಕೃತವಾದರೆ ಅಂದೇ ಕೆಲಸ ನಿಲ್ಲಿಸಬೇಕು. 240 ದಿನ ಕಳೆದರೂ ತೀರ್ಮಾನ ಬರದಿದ್ದರೂ ನಿಲ್ಲಿಸಬೇಕು.

ಇಲ್ಲಿ ಕುಳಿತ ಹಿರಿಯರಿಗೆ ಅರ್ಜಿಯ ಬೆಲೆ ಗೊತ್ತು. 1974ರ ಭೂಸುಧಾರಣೆಯ ತಿದ್ದುಪಡಿಯಾದ ಮೇಲೆ ಫಾರಂ ನಂಬರ್ 7ನ್ನು ಹೊತ್ತಿಗೆ ಸರಿಯಾಗಿ ಹಾಕಿದ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ತಲೆಯೆತ್ತಿ ನಿಂತ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಆ ಅರ್ಜಿಗೆ ಗೇಣಿದಾರ ತಾನೇ ಹೆಬ್ಬೆಟ್ಟು ಒತ್ತುತ್ತಿದ್ದ. ಧಣಿಯ ಸಹಿ ಬೇಕಿರಲಿಲ್ಲ. ಈ ಅರ್ಜಿಯನ್ನು ಹಾಕಬೇಕಾದವನು ಮಾಲೀಕ. ದುಡಿಯುವವನು ತನಗಾಗಿ ತಾನೇ ಹಾಕುವಂತಿಲ್ಲ! ಆರು ತಿಂಗಳು ಮುಂಚಿತವಾಗಿಯೇ ಸಲ್ಲಿಸಲು ಅವಕಾಶವಿದ್ದರೂ ಮಾಲೀಕ ಕೊನೆಯ ವಾರದವರೆಗೆ ಎಳೆದಾಡಿದರೆ ಕೇಳುವವರಾರು? ಕೇಳಿದವನ ಕೆಲಸವೇ ಹೋದರೆ, ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ; ಐ-94ರ ಅವಧಿ ಅದಕ್ಕೂ ಮುಂಚೆ ಮುಗಿದರೆ ಅಷ್ಟೂ ಇಲ್ಲ. ಆದ್ದರಿಂದ ಹೆಚ್ಚು ಹೊತ್ತು ದುಡಿಸಿದರೂ ಆತ ಬಾಯಿ ಬಿಡುವುದಿಲ್ಲ. ಸಂಬಳ ದೊಡ್ಡದಾದ ಮಾತ್ರಕ್ಕೆ ಹಂಗು ಚಿಕ್ಕದಾಗುವುದಿಲ್ಲ, ಬಂಧುಗಳೇ.

ಹೆಂಡತಿಯ ಸ್ಥಿತಿ ಇನ್ನೂ ಕಷ್ಟದ್ದು. 2015ರಿಂದ ಇಂಥ ಕೆಲವು ನೌಕರರ ಗಂಡ ಅಥವಾ ಹೆಂಡತಿಗೂ ಕೆಲಸದ ಪರವಾನಗಿ ಸಿಗತೊಡಗಿತು. ಅದರ ನವೀಕರಣದ ಅರ್ಜಿ ಬಾಕಿಯಿರುವಾಗ 540 ದಿನಗಳವರೆಗೆ ತಾನಾಗಿಯೇ ಮುಂದುವರಿಯುವ ಸೌಲಭ್ಯವೂ ಇತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಆ ಸೌಲಭ್ಯವನ್ನು ಕಿತ್ತುಹಾಕಿದರು. ಈಗ ಪರವಾನಗಿ ಮುಗಿದ ದಿನ, ಹೊಸದು ಕೈಗೆ ಬಂದಿರದಿದ್ದರೆ, ಆಕೆ ಮನೆಯಲ್ಲೇ ಕೂರಬೇಕು. ತಡಮಾಡಿದ್ದು ಕಚೇರಿ, ಸಂಬಳ ಕಳೆದುಕೊಂಡವಳು ಆಕೆ. ಕೃಪೆಯಾಗಿ ಬಂದದ್ದು ಹೀಗೆಯೇ ಒಂದು ಆಜ್ಞೆಯಲ್ಲಿ ಹೋಗುತ್ತದೆ.

ಆದರೂ ಕೈಕಟ್ಟಿ ಕೂರಬೇಕಾಗಿಲ್ಲ. ಮಕ್ಕಳಿಗೆ ಇಂದೇ ಹೇಳಿ: ಐ-94ರ ತಾರೀಖನ್ನು ತಾವೇ ನೋಡಿಕೊಳ್ಳಲಿ. ಆರು ತಿಂಗಳ ಮುಂಚೆಯೇ ಮಾಲೀಕನಿಗೆ ಬರೆದು ಕೇಳಲಿ, ಬಾಯಿಮಾತು ಸಾಲದು. ಅರ್ಜಿ ಸೇರಿದ್ದಕ್ಕೆ ಸರ್ಕಾರ ಕೊಡುವ ರಸೀತಿಯ ಪ್ರತಿಯನ್ನು ಕೇಳಿ ಪಡೆಯಲಿ. ಅವಧಿ ಮುಗಿಯುವ ಮುಂಚೆ ಹೊಸ ಮಾಲೀಕನೊಬ್ಬ ಅರ್ಜಿ ಸಲ್ಲಿಸಿದರೆ, ತೀರ್ಮಾನಕ್ಕೆ ಕಾಯದೆ ಅವನಲ್ಲಿ ಕೆಲಸಕ್ಕೆ ಸೇರಬಹುದೆಂಬ ಕಾನೂನು 2000ದಿಂದ ಇದೆ, ಅದನ್ನು ಮರೆಯದಿರಲಿ. ಕೆಲಸವಿಲ್ಲವೆಂದು ಮಾಲೀಕನೇ ಕೂರಿಸಿದ ದಿನಗಳಿಗೂ ಸಂಬಳ ಕೊಡಬೇಕು; ಕೊಡದಿದ್ದರೆ ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಇಷ್ಟು ಎಚ್ಚರ ಒಬ್ಬೊಬ್ಬರನ್ನು ಕಾಪಾಡೀತು. ಎಲ್ಲರನ್ನೂ ಕಾಪಾಡಬೇಕಾದರೆ ಕಾನೂನೇ ಬದಲಾಗಬೇಕು. ಅರ್ಜಿ ಹಾಕುವ ಅಧಿಕಾರ ದುಡಿಯುವವನಿಗೇ ಬರಬೇಕು. ಕಚೇರಿಯ ವಿಳಂಬಕ್ಕೆ ಅವನ ಅನ್ನ ಕೀಳಬಾರದು. ನಮ್ಮ ಸರ್ಕಾರ ಆ ದೇಶದೊಡನೆ ವ್ಯಾಪಾರದ ಮಾತಿಗೆ ಕೂತಾಗ ಸರಕಿನ ಸುಂಕದ ಜೊತೆಗೆ ಈ ಮಾತನ್ನೂ ಎತ್ತಬೇಕು. ಎತ್ತುವಂತೆ ಮಾಡುವ ಹೊಣೆ ನಿಮ್ಮದು, ನಮ್ಮದು.