ಸರಕಾರಿ ಮನೆ ಯಾರ ಹಕ್ಕು?
(ಜುಮಾ ಖುತ್ಬಾದ ಸಾರಾಂಶ)



ಗ್ರಾಮಸಭೆ ಹತ್ತಿರ ಬಂದಾಗಲೆಲ್ಲ ನಮ್ಮ ಮೊಹಲ್ಲಾದಲ್ಲಿ ಸರಕಾರಿ ಮನೆಯ ಮಾತು ಜೋರಾಗುತ್ತದೆ. "ತೆರಿಗೆ ಕಟ್ಟುವವರ ಹಣದಲ್ಲಿ ಇವರಿಗೆ ಪುಕ್ಕಟೆ ಮನೆ ಯಾಕೆ?" ಎಂದು ಸ್ವಂತ ಮನೆ ಇರುವವರು ಕೇಳುತ್ತಾರೆ. ಈ ಮಾತು ನಮ್ಮವರ ಬಾಯಲ್ಲೂ ಬರುತ್ತದೆ.

ಪುಕ್ಕಟೆ ಎನ್ನುವುದೇ ಸರಿಯಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಹಳ್ಳಿಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಕೇಂದ್ರ ಶೇ. 60, ರಾಜ್ಯ ಶೇ. 40 ಭರಿಸುತ್ತವೆ. ಅದೂ ಗೋಡೆ ಏರಿದಂತೆ ಫೋಟೋ ತೆಗೆದು ಕಂತು ಕಂತಾಗಿ ಬರುವಂಥದ್ದು. ಸಿಮೆಂಟು, ಕಬ್ಬಿಣ, ಗಾರೆ ಕೂಲಿಯ ಇಂದಿನ ದರದಲ್ಲಿ ಉಳಿದದ್ದನ್ನು ಆ ಬಡವನೇ ಹೊಂದಿಸಬೇಕು. ಸಂಬಳದಾರರು ಗೃಹಸಾಲದ ಬಡ್ಡಿ ತೋರಿಸಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುತ್ತಾರಲ್ಲ, ಆ ಹೊರೆಯೂ ಅದೇ ಖಜಾನೆಯ ಮೇಲೆ. ಅದನ್ನು ಯಾರೂ ಪುಕ್ಕಟೆ ಎನ್ನುವುದಿಲ್ಲ. (ಬಡ್ಡಿಯ ವಿಷಯ ಇನ್ನೊಂದು ಜುಮಾದಲ್ಲಿ ಮಾತಾಡೋಣ.) ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ ಮನೆಯ ನೆಮ್ಮದಿಯನ್ನೂ ಹೇಳಿದ್ದಾನೆ. ಆ ನೆಮ್ಮದಿ ಸಿಕ್ಕವರು ಸಿಗದವರ ಬಗ್ಗೆ ಹಗುರವಾಗಿ ಮಾತಾಡಬಾರದು.

ನಮಗೆ ಇದಕ್ಕಿಂತ ಭಯ ಹುಟ್ಟಿಸುವ ಮಾತು ಇನ್ನೊಂದಿದೆ: "ಸರಕಾರದ್ದು ತಾನೇ, ಸಿಕ್ಕಿದರೆ ಬಿಡುವುದೇಕೆ?" ಆರ್‌ಸಿಸಿ ಮನೆ ಇದ್ದೂ ಮಗನ ಹೆಸರಲ್ಲಿ ಬೇರೆ ರೇಷನ್ ಕಾರ್ಡ್ ಮಾಡಿಸಿ ಪಟ್ಟಿಗೆ ಸೇರುವವರಿದ್ದಾರೆ. ಮಂಜೂರಾದ ಮನೆಯನ್ನು ಬಾಡಿಗೆಗೆ ಬಿಟ್ಟವರಿದ್ದಾರೆ. ಅತ್ತ ಬೀಡಿ ಕಟ್ಟಿ ಮಕ್ಕಳನ್ನು ಸಾಕುವ ವಿಧವೆ ಬಾಡಿಗೆ ಕೋಣೆಯಲ್ಲೇ ಉಳಿಯುತ್ತಾಳೆ. ಖೈಬರ್‌ನಿಂದ ಮರಳುವಾಗ ಬಾಣ ತಗಲಿ ಸತ್ತ ಸೇವಕನನ್ನು ಜನರು ಶಹೀದ್ ಎಂದು ಕೊಂಡಾಡಿದರು. ಹಂಚಿಕೆಗೆ ಮೊದಲೇ ಅವನು ಎತ್ತಿಕೊಂಡಿದ್ದ ಒಂದು ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆಯೆಂದು ಪ್ರವಾದಿ(ಸ) ತಿಳಿಸಿದರು. ಬುಖಾರಿಯಲ್ಲಿ ಈ ಹದೀಸ್ ಇದೆ. ಅದು ಒಂದು ಹೊದಿಕೆ ಮಾತ್ರ, ಸಹೋದರರೇ. ಇಲ್ಲಿ ನಾವು ಒಂದಿಡೀ ಮನೆಯ ಮಾತಾಡುತ್ತಿದ್ದೇವೆ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿದಾಗ ಟಿವಿಯಲ್ಲಿ, ಚಹಾ ಅಂಗಡಿಯಲ್ಲಿ ವಾದ ನಡೆದದ್ದೇ ನಡೆದದ್ದು. ಆದರೆ ಫಲಾನುಭವಿಯ ಹೆಸರು ಓದುವುದು ಗ್ರಾಮಸಭೆಯಲ್ಲಿ. ಅಲ್ಲಿ ನಮ್ಮ ಕುರ್ಚಿಗಳು ಖಾಲಿ.

ಈ ಸಲ ಹೋಗಿ, ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಪಟ್ಟಿ ಓದುವಾಗ ಅನರ್ಹರ ಹೆಸರು ಬಂದರೆ, ಅವರು ನಮ್ಮ ಜಮಾಅತಿನವರೇ ಆಗಿದ್ದರೂ ಎದ್ದು ಹೇಳಿ. ಭಾನುವಾರ ಅಸರ್ ನಂತರ ಮಸೀದಿಯ ಕಚೇರಿಯಲ್ಲಿ ನಮ್ಮ ಯುವಕರು ಅರ್ಜಿ ತುಂಬಿಕೊಡುತ್ತಾರೆ. ಆಧಾರ್, ರೇಷನ್ ಕಾರ್ಡ್, ಇದ್ದರೆ ನಿವೇಶನದ ಹಕ್ಕುಪತ್ರ ತನ್ನಿ. ಪಕ್ಕದ ಕಾಲನಿಯ ಹಿಂದೂ ಸಹೋದರರು ಬಂದರೆ ಅವರ ಅರ್ಜಿಯನ್ನೂ ತುಂಬಿಕೊಡಲು ಹೇಳಿದ್ದೇವೆ.