ಪಾದ್ರಿಯ ಸಹಿ ಮತ್ತು ಪ್ರಭುತ್ವದ ಮೊಹರು
(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣ)



ಚರ್ಚುಗಳು ಸಲಿಂಗ ವಿವಾಹವನ್ನು ನೆರವೇರಿಸಬೇಕೇ, ಮಾನ್ಯ ಮಾಡಬೇಕೇ ಎಂಬ ವಿಷಯವನ್ನು ನಮಗೆ ನೀಡಲಾಗಿದೆ. ಇನ್ನೊಂದು ಸಮುದಾಯದ ಆರಾಧನಾಲಯದೊಳಗಿನ ಸಂಗತಿಯ ಬಗ್ಗೆ ಹೊರಗೆ ನಿಂತು ತೀರ್ಪು ನೀಡುವುದು ಸಭ್ಯತೆಯಲ್ಲ. ನಿಕಾಹ್‌ನ ಗಂಧಗಾಳಿಯೂ ಇಲ್ಲದವರು ಟಿ.ವಿ.ಯಲ್ಲಿ ಕುಳಿತು ನಮಗೆ ಫತ್ವಾ ನೀಡುವಾಗ ಆಗುವ ಸಂಕಟ ನಮಗೆ ತಿಳಿಯದ್ದೇನಲ್ಲ. ಆದ್ದರಿಂದ ಬೈಬಲ್‌ನ ವ್ಯಾಖ್ಯಾನಕ್ಕೆ ನಾವು ಕೈ ಹಾಕುವುದಿಲ್ಲ. ವಿವಾಹದ ಸ್ವರೂಪವನ್ನು ನಿರ್ಧರಿಸುವವರು ಯಾರು, ಪ್ರಭುತ್ವವೇ, ಧರ್ಮಸಭೆಯೇ ಎಂಬುದನ್ನಷ್ಟೇ ಇಂಗ್ಲೆಂಡಿನ ಚರ್ಚನ್ನು ಮುಂದಿಟ್ಟು ನೋಡೋಣ. ಬೆಂಗಳೂರು, ಮಂಗಳೂರು, ಧಾರವಾಡಗಳ ಸಿ.ಎಸ್.ಐ. ಸಭೆಗಳೂ ಅದೇ ಆಂಗ್ಲಿಕನ್ ಕೂಟದ ಸದಸ್ಯರಾಗಿರುವುದರಿಂದ ಇದು ತೀರಾ ದೂರದ ಸುದ್ದಿಯೂ ಅಲ್ಲ.

ಇಂಗ್ಲೆಂಡಿನಲ್ಲಿ ಚರ್ಚು ಪ್ರಭುತ್ವದೊಂದಿಗೆ ಹೆಣೆದುಕೊಂಡಿದೆ. ದೊರೆಯೇ ಅದರ ಪರಮೋಚ್ಚ ಆಡಳಿತಗಾರ. ಸಂಸತ್ತಿನ ಮೇಲ್ಮನೆಯಲ್ಲಿ 26 ಮಂದಿ ಬಿಷಪರಿಗೆ ಸ್ಥಾನವಿದೆ. 1534ರಲ್ಲಿ ಎಂಟನೇ ಹೆನ್ರಿ ರೋಮ್‌ನೊಂದಿಗೆ ಸಂಬಂಧ ಕಡಿದುಕೊಂಡದ್ದರ ಹಿಂದೆಯೂ ಒಂದು ವಿವಾಹದ ವಿವಾದವೇ ಇತ್ತೆಂಬುದು ಇತಿಹಾಸದ ವ್ಯಂಗ್ಯ. ಪ್ಯಾರಿಷ್‌ನ ನಿವಾಸಿ ಆ ಚರ್ಚಿನಲ್ಲಿ ವಿವಾಹವಾಗುವ ಹಕ್ಕು ಹೊಂದಿರುತ್ತಾನೆ. ಅಲ್ಲಿ ಪಾದ್ರಿ ನಡೆಸಿಕೊಡುವ ವಿಧಿ ಧಾರ್ಮಿಕವೂ ಹೌದು, ಕಾನೂನಿನ ವಿವಾಹವೂ ಹೌದು. ಸಮಸ್ಯೆಯ ಬೇರು ಇಲ್ಲಿದೆ.

2013ರಲ್ಲಿ ಸಂಸತ್ತು ಸಲಿಂಗ ವಿವಾಹ ಕಾನೂನನ್ನು ಅಂಗೀಕರಿಸಿತು. ಹಾಗಿದ್ದರೆ ಪಾದ್ರಿ ಆ ವಿವಾಹವನ್ನೂ ನೆರವೇರಿಸಲೇಬೇಕೇ? ಇಲ್ಲವೆನ್ನಲು ಅದೇ ಕಾನೂನಿನಲ್ಲಿ ನಾಲ್ಕು ಬೀಗಗಳನ್ನು ಜಡಿಯಬೇಕಾಯಿತು. ಯಾವ ಧರ್ಮಸಂಸ್ಥೆಯನ್ನೂ ಬಲವಂತಪಡಿಸುವಂತಿಲ್ಲ. ಇಷ್ಟವಿದ್ದವರು ತಾವಾಗಿ ಒಪ್ಪಿ ಮುಂದೆ ಬರಬೇಕು. ನಿರಾಕರಿಸಿದವರ ಮೇಲೆ ತಾರತಮ್ಯದ ದಾವೆ ನಿಲ್ಲದು. ಇಂಗ್ಲೆಂಡಿನ ಚರ್ಚಿಗಂತೂ ಅದರ ಸ್ವಂತ ನಿಯಮವೇ ಅನ್ವಯ. ಧರ್ಮಸಭೆಯ ಸ್ವಾತಂತ್ರ್ಯವನ್ನು ಪ್ರಭುತ್ವ ಕಾಪಾಡಿತು ಎಂದು ಸಮಾಧಾನಪಡಬಹುದು. ಆದರೆ ಸಂಸತ್ತು ಹಾಕಿದ ಬೀಗದ ಕೀಲಿಕೈ ಸಂಸತ್ತಿನ ಬಳಿಯೇ ಇರುತ್ತದಲ್ಲವೇ?

ನಂತರ ಚರ್ಚು ಸ್ವತಃ ನಿರ್ಧರಿಸಬೇಕಾಯಿತು. 2023ರ ಫೆಬ್ರವರಿಯಲ್ಲಿ ಸಿನಡ್ ಸಭೆಯು ವಿವಾಹ ಬೇಡ, ಆಶೀರ್ವಾದದ ಪ್ರಾರ್ಥನೆಗಳಿರಲಿ ಎಂಬ ಬಿಷಪರ ಮಾರ್ಗವನ್ನು ಸ್ವಾಗತಿಸಿತು. ಬಿಷಪರಲ್ಲಿ 36 ಪರ, 4 ವಿರೋಧ. ಪಾದ್ರಿಗಳಲ್ಲಿ 111 ಪರ, 85 ವಿರೋಧ. ಸಾಮಾನ್ಯ ವಿಶ್ವಾಸಿಗಳ ಸದನದಲ್ಲಿ 103 ಪರ, 92 ವಿರೋಧ. ಮೇಲಿನಿಂದ ಕೆಳಗೆ ಇಳಿದಂತೆ ಅಂತರ ಕಿರಿದಾದುದನ್ನು ಗಮನಿಸಿರಿ. ಅದೇ ತಿಂಗಳು, ಬಹುಪಾಲು ಆಫ್ರಿಕಾ ಮತ್ತು ಏಷ್ಯಾದ ಚರ್ಚುಗಳ ಮುಖ್ಯಸ್ಥರ ಗುಂಪೊಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪರನ್ನು ಇನ್ನು ತಮ್ಮ ನಾಯಕರೆಂದು ಗಣಿಸುವುದಿಲ್ಲವೆಂದು ಘೋಷಿಸಿತು. ಡಿಸೆಂಬರ್‌ನಲ್ಲಿ ಪ್ರಾರ್ಥನೆಗಳು ಬಳಕೆಗೆ ಬಂದವು.

ಆಶೀರ್ವಾದವುಂಟು, ವಿವಾಹವಿಲ್ಲ ಎಂಬ ಈ ನಡುದಾರಿ ಹೊಸದೇನಲ್ಲ. 2005ರಲ್ಲಿ ಅಂದಿನ ರಾಜಕುಮಾರ ಚಾರ್ಲ್ಸ್, ವಿಚ್ಛೇದಿತೆ ಕೆಮಿಲ್ಲಾರನ್ನು ವಿಂಡ್ಸರ್‌ನ ನಗರಭವನದಲ್ಲಿ ಸಿವಿಲ್ ವಿವಾಹವಾದರು. ಅಂದೇ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಅವರು ಪ್ರಾರ್ಥನೆ ನಡೆಸಿಕೊಟ್ಟರು. ಇಂದು ಅದೇ ಚಾರ್ಲ್ಸ್ ಆ ಚರ್ಚಿನ ಪರಮೋಚ್ಚ ಆಡಳಿತಗಾರ! ವಿಚ್ಛೇದಿತರಿಗೆ ತೆರೆದ ಬಾಗಿಲು ತಮಗೇಕೆ ಮುಚ್ಚಿದೆ ಎಂದು ಸಲಿಂಗ ಜೋಡಿಗಳು ಕೇಳುತ್ತಾರೆ. ಅಲ್ಲಿ ಸಡಿಲಗೊಂಡದ್ದು ನಿಯಮ, ಇಲ್ಲಿ ಬದಲಾಗುವುದು ವಿವಾಹದ ಅರ್ಥವೇ ಎಂದು ಸಂಪ್ರದಾಯವಾದಿಗಳು ಉತ್ತರಿಸುತ್ತಾರೆ. ಎರಡನೆಯವರ ವಾದ ನಮಗೆ ಹೆಚ್ಚು ತರ್ಕಬದ್ಧವಾಗಿ ಕಾಣುತ್ತದೆ. ಆದರೆ ವಿವಾಹದ ಅರ್ಥ ಬದಲಾಗದೆಂದು ನಂಬುವ ಚರ್ಚು ಆಶೀರ್ವಾದವನ್ನಾದರೂ ಏಕೆ ನೀಡಬೇಕು? ಬದಲಾಗಿದೆ ಎನ್ನುವುದಾದರೆ ವಿವಾಹವನ್ನು ಏಕೆ ತಡೆಯಬೇಕು? ಹೌದು ಅಥವಾ ಇಲ್ಲ ಎಂದು ನೇರವಾಗಿ ಹೇಳುವುದು ಬಾಗಿಲಲ್ಲಿ ನಿಂತವರಿಗೆ ಸಲ್ಲಿಸುವ ಗೌರವ. ಅವರು ಹೊರಗಿನವರಲ್ಲ, ಅನೇಕರು ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು. 1998ರ ಲ್ಯಾಂಬೆತ್ ಸಮ್ಮೇಳನ 526-70 ಮತಗಳಿಂದ ಸಲಿಂಗ ಸಂಬಂಧಗಳನ್ನು ಧರ್ಮಗ್ರಂಥಕ್ಕೆ ಹೊಂದದವೆಂದಿತು. ಅದೇ ನಿರ್ಣಯದಲ್ಲಿ ಅಂಥವರ ಅನುಭವವನ್ನು ಆಲಿಸುವುದಾಗಿಯೂ ಮಾತು ಕೊಟ್ಟಿತು. ಮೊದಲ ಭಾಗ ಕಂಠಪಾಠವಾಗಿರುವ ಅನೇಕರಿಗೆ ಎರಡನೆಯದು ನೆನಪಿಲ್ಲ.

ನೇರವಾಗಿ ಹೇಳಿದವರೂ ಇದ್ದಾರೆ. ಬ್ರಿಟನ್ನಿನ ಮೆಥಡಿಸ್ಟರು 2021ರಲ್ಲಿ 254-46 ಮತಗಳಿಂದ, ಸ್ಕಾಟ್ಲೆಂಡಿನ ಚರ್ಚು 2022ರಲ್ಲಿ 274-136 ಮತಗಳಿಂದ ಸಲಿಂಗ ವಿವಾಹಕ್ಕೆ ಅನುಮತಿ ನೀಡಿದವು. ಒಪ್ಪದ ಪಾದ್ರಿಗೆ ಬಲವಂತವಿಲ್ಲ. ಅವರ ನಿರ್ಧಾರ ನಮಗೆ ಒಪ್ಪಿತವಲ್ಲದಿರಬಹುದು, ಆದರೆ ನಿರ್ಧರಿಸಿದ ರೀತಿಯಲ್ಲಿ ಮುಚ್ಚುಮರೆಯಿರಲಿಲ್ಲ.

ಫ್ರಾನ್ಸಿನಲ್ಲಿ 1792ರಿಂದ ವಿವಾಹವೆಂದರೆ ಪುರಸಭೆಯಲ್ಲಿ ಆಗುವ ಸಿವಿಲ್ ವಿವಾಹ. ಚರ್ಚಿನ ವಿಧಿ ಬೇಕಾದವರಿಗೆ ಅದು ಆನಂತರ. ಆದ್ದರಿಂದ 2013ರಲ್ಲಿ ಅಲ್ಲಿಯೂ ಸಲಿಂಗ ವಿವಾಹ ಕಾನೂನು ಬಂದಾಗ ಬೀದಿಯಲ್ಲಿ ಭಾರೀ ಪ್ರತಿಭಟನೆಗಳಾದವಾದರೂ ಚರ್ಚಿನ ಬಾಗಿಲಿಗೆ ಬೀಗ ಜಡಿಯುವ ಅಗತ್ಯ ಬೀಳಲಿಲ್ಲ. ಇಂಗ್ಲೆಂಡಿಗೂ ಈ ವ್ಯವಸ್ಥೆಯೇ ಲೇಸೆಂದು ನಮ್ಮ ಅಭಿಪ್ರಾಯ. ಅಲ್ಲಿ ನಿಕಾಹ್ ಮಾತ್ರ ಮಾಡಿಸಿ ಸಿವಿಲ್ ನೋಂದಣಿಯನ್ನು ಕಡೆಗಣಿಸಿದ ಮುಸ್ಲಿಮ್ ಕುಟುಂಬಗಳ ಹೆಣ್ಣುಮಕ್ಕಳು, ಸಂಬಂಧ ಮುರಿದಾಗ ಕಾನೂನಿನ ಕಣ್ಣಿಗೆ ಪತ್ನಿಯೇ ಅಲ್ಲವೆನಿಸಿಕೊಂಡು ಬರಿಗೈಯಲ್ಲಿ ನಿಲ್ಲುತ್ತಾರೆ. ಮೊದಲು ನೋಂದಣಿ ಎಂಬ ನಿಯಮ ಅವರನ್ನೂ ಕಾಯುತ್ತಿತ್ತು.

2025ರ ಅಕ್ಟೋಬರ್‌ನಲ್ಲಿ ಬಿಷಪರು ಇನ್ನೊಂದು ಮಾತು ಹೇಳಿದರು: ಸಲಿಂಗ ಜೋಡಿಗಳಿಗಾಗಿಯೇ ಪ್ರತ್ಯೇಕ ಆಶೀರ್ವಾದ ಆರಾಧನೆ ನಡೆಯಬೇಕಾದರೆ ಸಿನಡ್‌ನ ಮೂರೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. 103-92ರ ಸದನದಲ್ಲಿ ಅದು ಎಲ್ಲಿಂದ ಬರಬೇಕು? ಅಲ್ಲಿಯವರೆಗೆ ಭಾನುವಾರದ ಆರಾಧನೆಯ ನಡುವೆ ಕೆಲವು ಪ್ರಾರ್ಥನೆಗಳು, ಅಷ್ಟೇ.